ಒಂದೇ ಊರು, ಆರು ವಿಶ್ವವಿದ್ಯಾಲಯ: ಜಂಟಿ ಪದವಿಗೆ ಮುಂಚೆ ಒಂದು ಪೇಪರ್ ಹಂಚಿಕೊಳ್ಳಬಹುದಲ್ವಾ?

ಶಿವಮೊಗ್ಗದಲ್ಲಿ ಓದುವ ಮಕ್ಕಳ ಮಾರ್ಕ್ಸ್ ಕಾರ್ಡ್‌ಗಳನ್ನು ಒಂದು ಮೇಜಿನ ಮೇಲೆ ಹರಡಿ ನೋಡಿ. ಅರ್ಧ ಕರ್ನಾಟಕವೇ ಅಲ್ಲಿರುತ್ತದೆ. ಸಹ್ಯಾದ್ರಿ ಕಾಲೇಜಿನ ಬಿಎಸ್ಸಿ ಹುಡುಗಿಯದ್ದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಕಾರ್ಡ್. ಜೆಎನ್‌ಎನ್‌ಸಿಇ ಎಂಜಿನಿಯರಿಂಗ್ ಕಾಲೇಜಿನ ಹುಡುಗನದ್ದು ಬೆಳಗಾವಿಯ ತಾಂತ್ರಿಕ ವಿವಿ, ಅಂದರೆ ವಿಟಿಯು. ಸಿಮ್ಸ್ ಮೆಡಿಕಲ್ ಕಾಲೇಜಿಗೆ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿವಿ. ವೆಟರ್ನರಿ ಕಾಲೇಜಿಗೆ ಬೀದರಿನ ಪಶು ವಿವಿ. ಲಾ ಕಾಲೇಜಿಗೆ ಹುಬ್ಬಳ್ಳಿಯ ಕಾನೂನು ವಿವಿ. ನವಿಲೆಯ ಕೃಷಿ ಕಾಲೇಜಿಗೆ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿವಿ. ಅದರ ಹೊಸ ಕ್ಯಾಂಪಸ್ ಆನಂದಪುರದ ಹತ್ತಿರ ಇರುವಕ್ಕಿಯಲ್ಲಿದೆ. ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಕ್ಯಾಂಪಸ್ ಬಂದ ಮೇಲೆ ಏಳನೆಯ ಹೆಸರೂ ಸೇರಿದೆ. ಅದನ್ನು ಸದ್ಯಕ್ಕೆ ಪಕ್ಕಕ್ಕಿಡೋಣ.

ಇವುಗಳಲ್ಲಿ ಎಷ್ಟೋ ಕಾಲೇಜುಗಳ ನಡುವೆ ಇರುವುದು ಆಟೋದಲ್ಲಿ ಹೋಗುವಷ್ಟು ದೂರ. ಆದರೂ ಒಂದು ಕಾಲೇಜಿನ ವಿದ್ಯಾರ್ಥಿ ಇನ್ನೊಂದರಲ್ಲಿ ಒಂದು ಸೆಮಿಸ್ಟರ್ ಕ್ಲಾಸು ಕೇಳಿ, ಪರೀಕ್ಷೆ ಬರೆದು, ಆ ಅಂಕವನ್ನು ತನ್ನ ಮಾರ್ಕ್ಸ್ ಕಾರ್ಡಿಗೆ ತಂದುಕೊಳ್ಳುವ ದಾರಿ ಸಲೀಸಾಗಿಲ್ಲ. ಒಂದೇ ಓಣಿಯ ಆರು ಮನೆಗೆ ಆರು ಜಿಲ್ಲೆಯ ರೇಷನ್ ಕಾರ್ಡ್ ಕೊಟ್ಟ ಹಾಗಿದೆ ಇದು.

ಈಚೆಗೆ ಉನ್ನತ ಶಿಕ್ಷಣದ ಬಗ್ಗೆ ಎಲ್ಲಿ ಮಾತು ಬಂದರೂ ಜಂಟಿ ಪದವಿ, ಡ್ಯುಯಲ್ ಡಿಗ್ರಿ, ವಿದೇಶಿ ಸಹಯೋಗ ಅನ್ನುವ ಪದಗಳೇ ಕೇಳುತ್ತವೆ. ಒಡಂಬಡಿಕೆಗೆ ಸಹಿ ಬೀಳುತ್ತದೆ. ಶಾಲು, ಮೈಸೂರು ಪೇಟ, ಏಲಕ್ಕಿ ಹಾರ. ಮರುದಿನ ಪೇಪರಿನಲ್ಲಿ ಫೋಟೋ. ಆಮೇಲೆ ಆ ಕಡತ ಎಲ್ಲಿ ಹೋಯಿತು ಅಂತ ಕೇಳುವವರಿಲ್ಲ. ನನ್ನ ಮಟ್ಟಿಗೆ ಮಲೆನಾಡಿಗೆ ಬೇಕಾದ ಸಹಯೋಗ ಇದಕ್ಕಿಂತ ತುಂಬಾ ಸಣ್ಣದು, ತುಂಬಾ ಹತ್ತಿರದ್ದು. ಈ ಆರು ವಿವಿಗಳು ಮೊದಲು ತಮ್ಮತಮ್ಮಲ್ಲೇ ಒಂದೆರಡು ಪೇಪರ್, ಅಂದರೆ ಒಂದೆರಡು ವಿಷಯದ ಪಾಠ ಮತ್ತು ಪರೀಕ್ಷೆ, ಹಂಚಿಕೊಂಡರೆ ಸಾಕು. ಅದಕ್ಕೆ ಕಾನೂನು ಅಡ್ಡ ಬರುವುದು ಕಡಿಮೆ. ಅಡ್ಡ ಬರುವುದು ಟೈಮ್ ಟೇಬಲ್, ಪರೀಕ್ಷಾ ವಿಭಾಗ, ವರ್ಕ್‌ಲೋಡ್ ಮತ್ತು ಬಸ್ಸು.

ವಿಷಯಕ್ಕೊಂದು ವಿವಿ ಆದ ಕಥೆ

ಮೊದಲು ಹೀಗಿರಲಿಲ್ಲ. ಬಿ.ಆರ್. ಪ್ರಾಜೆಕ್ಟ್‌ನಲ್ಲಿದ್ದ ಮೈಸೂರು ವಿವಿಯ ಸ್ನಾತಕೋತ್ತರ ಕೇಂದ್ರ 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯವಾಯಿತು. ಶಿವಮೊಗ್ಗ, ಚಿಕ್ಕಮಗಳೂರು, ಆಗಿನ್ನೂ ದಾವಣಗೆರೆಯನ್ನು ಒಳಗೊಂಡಿದ್ದ ಚಿತ್ರದುರ್ಗ, ಇಷ್ಟೂ ಅದರ ವ್ಯಾಪ್ತಿ. ಕಲೆ, ವಿಜ್ಞಾನ, ವಾಣಿಜ್ಯದ ಜೊತೆಗೆ ಎಂಜಿನಿಯರಿಂಗ್, ಮೆಡಿಕಲ್, ಲಾ ಕಾಲೇಜುಗಳೂ ಅದರ ಕೆಳಗೇ ಇದ್ದವು.

ಆಮೇಲೆ ಒಂದೊಂದಾಗಿ ಬಿಡಿಸಿಕೊಂಡು ಹೋದವು. 1996ರಲ್ಲಿ ಆರೋಗ್ಯ ವಿವಿ ಬಂತು, ಮೆಡಿಕಲ್ ಅತ್ತ ಹೋಯಿತು. 1998ರಲ್ಲಿ ವಿಟಿಯು ಬಂತು, ಎಂಜಿನಿಯರಿಂಗ್ ಹೋಯಿತು. 2009ರಲ್ಲಿ ಕಾನೂನು ವಿವಿ. ಅದೇ ವರ್ಷ ದಾವಣಗೆರೆಗೂ ಬೇರೆ ವಿವಿ. ಬೆಂಗಳೂರು ಕೃಷಿ ವಿವಿಗೆ ಸೇರಿದ್ದ ನವಿಲೆಯ ಕಾಲೇಜು 2012ರಲ್ಲಿ ಶಿವಮೊಗ್ಗದ್ದೇ ಆದ ಹೊಸ ಕೃಷಿ ವಿವಿಗೆ ಸೇರಿತು.

ಇದರಲ್ಲಿ ಒಳ್ಳೆಯದೂ ಇತ್ತು. ರಾಜ್ಯಕ್ಕೆಲ್ಲ ಒಂದೇ ಸಿಲೆಬಸ್, ಒಂದೇ ಪರೀಕ್ಷೆ. ಬೀದರಿನ ಎಂಜಿನಿಯರಿಗೂ ಶಿವಮೊಗ್ಗದ ಎಂಜಿನಿಯರಿಗೂ ಒಂದೇ ಅಳತೆ. ಆದರೆ ಒಂದು ಊರಿನೊಳಗೆ ಕಾಲೇಜು ಕಾಲೇಜಿಗೆ ಇದ್ದ ಸಂಬಂಧ ಸದ್ದಿಲ್ಲದೆ ತಪ್ಪಿಹೋಯಿತು. ಬೇರೆ ಬೇರೆ ಶಾಸ್ತ್ರದವರು ಒಂದೇ ಸಭೆಯಲ್ಲಿ ಕೂರುವ ಜಾಗವೇ ಉಳಿಯಲಿಲ್ಲ. ಇವತ್ತು ಎಲ್ಲರೂ ಬಾಯಿ ತುಂಬಾ ಹೇಳುವ ‘ಬಹುಶಿಸ್ತೀಯ ಶಿಕ್ಷಣ’ಕ್ಕೆ ಬೇಕಾಗಿದ್ದು ಆ ಜಾಗವೇ.

ನಿಯಮ ಏನನ್ನುತ್ತದೆ

ವಿದೇಶಿ ಸಹಯೋಗಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ಮೇ ತಿಂಗಳಲ್ಲಿ ನಿಯಮ ತಂದಿತು. ಅದರಲ್ಲಿ ಮೂರು ಬಗೆ ಇದೆ. ಟ್ವಿನ್ನಿಂಗ್ ಅಂದರೆ ಪದವಿ ಇಲ್ಲಿಯದೇ, ಕ್ರೆಡಿಟ್‌ನಲ್ಲಿ (ಓದಿನ ಪ್ರಮಾಣ ಅಳೆಯುವ ಲೆಕ್ಕ) 30% ವರೆಗೆ ವಿದೇಶದಲ್ಲಿ ಓದಬಹುದು. ಜಂಟಿ ಪದವಿಯಲ್ಲಿ ಎರಡೂ ಕಡೆ ಕನಿಷ್ಠ 30% ಓದಬೇಕು, ಸರ್ಟಿಫಿಕೇಟ್ ಒಂದೇ, ಅದರ ಮೇಲೆ ಇಬ್ಬರ ಹೆಸರೂ ಇರುತ್ತದೆ. ಡ್ಯುಯಲ್ ಡಿಗ್ರಿಯಲ್ಲಿ ಎರಡು ಸಂಸ್ಥೆಗಳೂ ಬೇರೆ ಬೇರೆ ಪದವಿ ಕೊಡುತ್ತವೆ, ಭಾರತದ ಸಂಸ್ಥೆಯಲ್ಲಿ ಕನಿಷ್ಠ 30% ಕ್ರೆಡಿಟ್ ಪಡೆದಿರಬೇಕು. ಇದಕ್ಕೆ ಅರ್ಹತೆಯ ಗೆರೆಯೂ ಇದೆ. ಕಾಲೇಜು, ವಿವಿಗಳ ಗುಣಮಟ್ಟ ಅಳೆಯುವ ನ್ಯಾಕ್‌ನಲ್ಲಿ 4ಕ್ಕೆ 3.01 ಅಂಕ ಬೇಕು, ಇಲ್ಲವೇ ಕೇಂದ್ರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ ಪಟ್ಟಿಯಲ್ಲಿ ಮೊದಲ 100ರೊಳಗೆ ಇರಬೇಕು, ಇಲ್ಲವೇ ಕೇಂದ್ರದಿಂದ ಶ್ರೇಷ್ಠ ಸಂಸ್ಥೆಯ ಪಟ್ಟ ಸಿಕ್ಕಿರಬೇಕು. ಆ ಕಡೆಯ ಸಂಸ್ಥೆ ಜಗತ್ತಿನ ಮೊದಲ 1000ರಲ್ಲಿದ್ದರೆ ಯುಜಿಸಿಯ ಒಪ್ಪಿಗೆಗೆ ಕಾಯಬೇಕಾಗಿಲ್ಲ.

ಹೊಸನಗರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಎ ಓದುವ ಹುಡುಗಿಗೆ ಇದರಿಂದ ಏನು ಬಂತು? ಏನೂ ಇಲ್ಲ. 30% ಕ್ರೆಡಿಟ್ ವಿದೇಶದಲ್ಲಿ ಓದಬೇಕು ಅಂದರೆ ವೀಸಾ, ವಿಮಾನ, ಬಾಡಿಗೆ ಎಲ್ಲ ಲೆಕ್ಕಕ್ಕೆ ಬರುತ್ತದೆ. ಆಸ್ಟ್ರೇಲಿಯಾದ ಡೀಕಿನ್ ವಿವಿ ಗುಜರಾತಿನ ಗಿಫ್ಟ್ ಸಿಟಿಗೆ ಬಂದಿದೆ. ಲಿವರ್‌ಪೂಲ್ ವಿವಿಗೆ ಬೆಂಗಳೂರಿನಲ್ಲಿ ಕ್ಯಾಂಪಸ್ ತೆರೆಯಲು 2025ರಲ್ಲಿ ಒಪ್ಪಿಗೆ ಸಿಕ್ಕಿದೆ. ಒಳ್ಳೆಯದೇ. ಆದರೆ ಅದು ಬೇರೆಯದೇ ಮಾರ್ಕೆಟ್ಟು.

ನಮ್ಮ ಹುಡುಗಿಗೆ ಉಪಯೋಗ ಆಗಬಹುದಾದ ನಿಯಮ ಅಷ್ಟೇನೂ ಸದ್ದು ಮಾಡದೆ 2021ರಲ್ಲೇ ಬಂದಿದೆ. ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ಅಂದರೆ ಎಬಿಸಿ. ವಿದ್ಯಾರ್ಥಿಯ ಹೆಸರಲ್ಲಿ ಒಂದು ಖಾತೆ ಇರುತ್ತದೆ, ಡಿಜಿಲಾಕರ್‌ನಲ್ಲೇ ತೆರೆಯಬಹುದು. ಎಲ್ಲಿ ಓದಿದರೂ ಕ್ರೆಡಿಟ್ ಅಲ್ಲಿ ಜಮಾ ಆಗುತ್ತದೆ. ಗರಿಷ್ಠ 7 ವರ್ಷ ಅದಕ್ಕೆ ಬೆಲೆ. ಪದವಿ ಕೊಡುವ ಸಂಸ್ಥೆಯಲ್ಲಿ ಕನಿಷ್ಠ 50% ಓದಿರಬೇಕು, ಉಳಿದದ್ದು ಬೇರೆ ಕಡೆಯಿಂದ ಬರಬಹುದು. ಅದೇ ವರ್ಷದ ಇನ್ನೊಂದು ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಕೋರ್ಸ್‌ಗಳಲ್ಲಿ 40% ವರೆಗೆ ಕೇಂದ್ರದ ಆನ್‌ಲೈನ್ ಪಾಠಗಳ ‘ಸ್ವಯಂ’ ಪೋರ್ಟಲ್‌ನಿಂದ ತೆಗೆದುಕೊಳ್ಳಬಹುದು. ಅಂದರೆ ಕಾಗದದ ಮೇಲೆ ಬಾಗಿಲು ತೆರೆದೇ ಇದೆ.

ಮಕ್ಕಳ ಮೊಬೈಲಿನಲ್ಲಿ ಎಬಿಸಿ ಐಡಿ ಇದೆ. ಪರೀಕ್ಷಾ ಅರ್ಜಿಗೆ ಕೇಳುತ್ತಾರೆ ಅಂತ ಸೈಬರ್ ಸೆಂಟರಿಗೆ ಹೋಗಿ ಮಾಡಿಸಿದ್ದು. ಅದರಿಂದ ಏನು ಮಾಡಬಹುದು ಅಂತ ಹೇಳಿದವರು ಕಡಿಮೆ.

ಮಂಗನ ಕಾಯಿಲೆಯ ಪೇಪರ್

ಹಂಚಿಕೊಂಡು ಕಲಿಸುವುದು ಸುಮ್ನೆ ಫ್ಯಾಷನ್ನಿಗೆ ಅಲ್ಲ. ಕೆಲವು ವಿಷಯ ಹಾಗೆ ಕಲಿಸದೆ ಗತಿಯೇ ಇಲ್ಲ. ಮಲೆನಾಡಿನವರಿಗೆ ಇದಕ್ಕೆ ದೂರದ ಉದಾಹರಣೆ ಬೇಡ. ಮಂಗನ ಕಾಯಿಲೆ ಸಾಕು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಜನಕ್ಕೆ ಜ್ವರ ಬಂತು. ಮೊದಲು ಹಳದಿ ಜ್ವರ ಇರಬಹುದು ಅನ್ನುವ ಗುಮಾನಿ ಎದ್ದಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದರೆ ಅದು ಜಗತ್ತಿಗೇ ಹೊಸ ವೈರಸ್. ಉಣುಗು ಅನ್ನುವ ರಕ್ತ ಹೀರುವ ಹುಳದಿಂದ ಹರಡುತ್ತಿತ್ತು. ಅವತ್ತು ಅದನ್ನು ಬಿಡಿಸಿದ್ದು ವೈದ್ಯರೊಬ್ಬರೇ ಅಲ್ಲ. ಕೀಟ ತಜ್ಞರು, ಪ್ರಾಣಿ ತಜ್ಞರು, ಕಾಡು ಬಲ್ಲವರು ಒಟ್ಟಿಗೆ ಓಡಾಡಿದ್ದರು.

ಈಗ ಆ ಕಾಯಿಲೆಯ ದಾರಿ ನೋಡಿ. ಉಣುಗು ಇರುವುದು ಕಾಡಿನಲ್ಲಿ. ಅದು ಮಂಗಕ್ಕೆ ಹತ್ತುತ್ತದೆ, ಮಂಗ ಸತ್ತು ಬಿದ್ದ ಜಾಗದಲ್ಲಿ ಹರಡುತ್ತದೆ. ಮೇಯಲು ಹೋದ ದನದ ಮೈಗೆ ಅಂಟಿ ಕೊಟ್ಟಿಗೆಗೂ ಬರಬಹುದು. ಕೊಟ್ಟಿಗೆಗೆ ಹಾಸಲು ದರಗು (ಒಣ ಎಲೆ) ಗುಡಿಸಿ ತರುವ ಹೆಂಗಸರ ಬಟ್ಟೆಗೂ ಹತ್ತುತ್ತದೆ. ಚಳಿಗಾಲದಲ್ಲಿ ಶುರುವಾದರೆ ಮಳೆ ಹಿಡಿಯುವವರೆಗೂ ಅದರ ಕಾಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಸಾಲು ಸಾಲು ಸಾವು ಕಂಡಿದ್ದು ಇನ್ನೂ ಯಾರಿಗೂ ಮರೆತಿಲ್ಲ. ಹಳೆಯ ಲಸಿಕೆಯಿಂದ ಸಾಕಷ್ಟು ರಕ್ಷಣೆ ಸಿಗುತ್ತಿಲ್ಲ ಅಂತ ಅದನ್ನು ನಿಲ್ಲಿಸಿದ್ದೂ ಆಯಿತು. ಉಣುಗು ಹತ್ತದಂತೆ ಮೈಗೆ ಹಚ್ಚಲು ಡೀಪಾ ಎಣ್ಣೆ ಕೊಡುತ್ತಾರೆ. ಹಚ್ಚಿಕೊಳ್ಳಿ ಅಂತ ಹೇಳುವುದು ಸುಲಭ. ಬೆಳಿಗ್ಗೆ ಎದ್ದು ಕಾಡಿಗೆ ಹೋಗುವವರು ದಿನಾ ಹಚ್ಚುವಂತೆ ಮಾಡುವುದು ಬೇರೆಯದೇ ಕೆಲಸ.

ಈ ದಾರಿಯ ಒಂದೊಂದು ತಿರುವಿಗೂ ಒಂದೊಂದು ಕಾಲೇಜು ಶಿವಮೊಗ್ಗದ ಸುತ್ತಲೇ ಇದೆ. ರೋಗಿಯನ್ನು ನೋಡುವವರು ಸಿಮ್ಸ್‌ನಲ್ಲಿದ್ದಾರೆ. ದನ, ಮಂಗ, ಉಣುಗು ನೋಡುವವರು ವೆಟರ್ನರಿ ಕಾಲೇಜಿನಲ್ಲಿ. ಕಾಡಿನ ಲೆಕ್ಕ ಕೃಷಿ ವಿವಿಯ ಕೆಳಗಿರುವ ಪೊನ್ನಂಪೇಟೆಯ ಅರಣ್ಯ ಕಾಲೇಜಿನವರದ್ದು, ಅದೊಂದು ಮಾತ್ರ ದೂರದ ಕೊಡಗಿನಲ್ಲಿದೆ. ವನ್ಯಜೀವಿ, ಪರಿಸರ, ಸಮಾಜಶಾಸ್ತ್ರ ಇರುವುದು ಶಂಕರಘಟ್ಟದಲ್ಲಿ. ಎಲ್ಲಿ ಮಂಗ ಸತ್ತಿದೆ ಅಂತ ನಕ್ಷೆಯ ಮೇಲೆ ಗುರುತು ಹಾಕುವ ಆಪ್ ಮಾಡಬೇಕಾದರೆ ಎಂಜಿನಿಯರಿಂಗ್ ಮಕ್ಕಳಿದ್ದಾರೆ. ಆದರೆ ಎಂಬಿಬಿಎಸ್ ಹುಡುಗ ಮತ್ತು ವೆಟರ್ನರಿ ಹುಡುಗಿ ಒಟ್ಟಿಗೆ ಒಂದು ಕ್ಲಾಸಿನಲ್ಲಿ ಕೂತು ಈ ಕಾಯಿಲೆಯನ್ನು ಮೊದಲಿನಿಂದ ಕೊನೆಯವರೆಗೆ ಕಲಿಯುವ ಒಂದೇ ಒಂದು ಪೇಪರ್ ಇವರ ಸಿಲೆಬಸ್‌ನಲ್ಲಿ ಯಾಕಿರಬಾರದು? ನಾಲ್ಕು ಕ್ರೆಡಿಟ್ ಸಾಕು. ಎರಡು ಕ್ರೆಡಿಟ್ಟಾದರೂ ಆದೀತು. ಮೂರು ಕಾಲೇಜಿನ ಮೇಷ್ಟ್ರುಗಳು ಸರದಿಯಲ್ಲಿ ಪಾಠ ಮಾಡಲಿ. ಉಳಿದದ್ದು ಹಳ್ಳಿಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಕೊಟ್ಟಿಗೆಯಲ್ಲಿ.

ಅಡಿಕೆಗೂ ಇದೇ ಮಾತು. ಎಲೆಚುಕ್ಕಿ ರೋಗ, ಕೊಳೆರೋಗ, ಬೋರ್ಡೋ ದ್ರಾವಣ ಇವೆಲ್ಲ ಕೃಷಿ ವಿವಿಯ ಪಾಠ. ಅಡಿಕೆಯ ಬಗೆಗಳಲ್ಲಿ ರಾಶಿಗೆ ಎಷ್ಟು, ಬೆಟ್ಟೆಗೆ ಎಷ್ಟು, ಸರಕು ಮತ್ತು ಗೊರಬಲಿನ ನಡುವೆ ದರ ಹೇಗೆ ಏರಿಳಿಯುತ್ತದೆ, ಸಹಕಾರ ಸಂಘ ಯಾಕೆ ಬೇಕು ಅನ್ನುವುದು ಬಿಕಾಂ ಪಾಠ ಆಗಬೇಕಿತ್ತು. ಶಿವಮೊಗ್ಗದ ಬಿಕಾಂ ಹುಡುಗ ಷೇರು ಪೇಟೆಯ ಬಗ್ಗೆ ಬರೆಯುತ್ತಾನೆ. ಮನೆಯ ಅಂಗಳದಲ್ಲಿ ಒಣಗುವ ಅಡಿಕೆಯ ಮಾರ್ಕೆಟ್ಟಿನ ಬಗ್ಗೆ ಅವನಿಗೆ ಅಪ್ಪನಿಗಿಂತ ಜಾಸ್ತಿ ಏನೂ ಗೊತ್ತಿರುವುದಿಲ್ಲ. ಅಪ್ಪನಷ್ಟೂ ಗೊತ್ತಿರುವುದಿಲ್ಲ ಅನ್ನುವುದೇ ಸರಿ.

ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ

ಮೊದಲನೆಯದು ಕ್ಯಾಲೆಂಡರ್. ಒಂದು ವಿವಿಯ ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ಇನ್ನೊಂದರಲ್ಲಿ ಇಂಟರ್ನಲ್ಸ್ ನಡೆಯುತ್ತಿರುತ್ತದೆ. ಎಂಬಿಬಿಎಸ್‌ಗೆ ಸೆಮಿಸ್ಟರೇ ಇಲ್ಲ. ಕೃಷಿ ವಿವಿ ನಡೆಯುವುದು ಕೇಂದ್ರದ ಕೃಷಿ ಸಂಶೋಧನಾ ಪರಿಷತ್ತು (ಐಸಿಎಆರ್) ಹೇಳಿದ ಹಾಗೆ. ಇದರ ಮೇಲೆ ನಮ್ಮ ಮಳೆ. ಜುಲೈನಲ್ಲಿ ತೀರ್ಥಹಳ್ಳಿ, ಹೊಸನಗರ ಕಡೆ ರಜೆ ಘೋಷಣೆ ಆದ ದಿನ ಬೆಳಗಾವಿಯ ಟೈಮ್ ಟೇಬಲ್‌ಗೆ ಅದು ಗೊತ್ತೇ ಆಗುವುದಿಲ್ಲ.

ರಾಜ್ಯದ ನೀತಿಯೂ ಒಂದು ಕಡೆ ನಿಂತಿಲ್ಲ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು (ಎನ್‌ಇಪಿ) 2021-22ರಲ್ಲಿ ದೇಶದಲ್ಲೇ ಮೊದಲು ಜಾರಿಗೆ ತಂದಿದ್ದು ಕರ್ನಾಟಕ. 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದೂ ಕರ್ನಾಟಕವೇ. ನಡುವಿನ ಮೂರು ಬ್ಯಾಚಿನ ಮಕ್ಕಳು ಒಂದು ಸಿಲೆಬಸ್, ಹಿಂದೆ ಮುಂದಿನವರು ಇನ್ನೊಂದು. ಎನ್‌ಇಪಿಯಲ್ಲಿ ಓಪನ್ ಎಲೆಕ್ಟಿವ್ ಅಂತ ಒಂದಿತ್ತು. ವಿಜ್ಞಾನದವರು ಕಲೆ ಅಥವಾ ವಾಣಿಜ್ಯದ ಪೇಪರ್ ಆರಿಸಿಕೊಳ್ಳಬಹುದು ಅನ್ನುವುದು ಅದರ ಆಸೆ. ಸಣ್ಣ ಕಾಲೇಜುಗಳಲ್ಲಿ ನಡೆದದ್ದು ಏನೆಂದರೆ, ಯಾವ ಮೇಷ್ಟ್ರು ಖಾಲಿ ಇದ್ದಾರೋ ಅವರ ಪೇಪರೇ ಎಲ್ಲರ ಆಯ್ಕೆ. ಒಂದೇ ಕಟ್ಟಡದೊಳಗಿನ ಹಂಚಿಕೆಯೇ ಹೀಗಾದರೆ ಆರು ವಿವಿಗಳ ಹಂಚಿಕೆ ಎಷ್ಟು ಸೂಕ್ಷ್ಮ ಅಂತ ಊಹಿಸಿ.

ಎರಡನೆಯದು ವರ್ಕ್‌ಲೋಡ್, ಅಂದರೆ ಮೇಷ್ಟ್ರುಗಳು ಪಾಠ ಮಾಡುವ ಗಂಟೆಗಳ ಲೆಕ್ಕ. ಇದನ್ನು ಯಾರೂ ಭಾಷಣದಲ್ಲಿ ಹೇಳುವುದಿಲ್ಲ. ಸ್ಟಾಫ್ ರೂಮಿನಲ್ಲಿ ಮಾತ್ರ ಇದೇ ಮೊದಲ ಪ್ರಶ್ನೆ. “ನಮ್ಮ ಮಕ್ಕಳು ಆ ಕಾಲೇಜಿಗೆ ಹೋಗಿ ಕಲಿತರೆ ನಮ್ಮ ಗಂಟೆ ಏನಾಗುತ್ತೆ ಸಾರ್?” ಅಂತ ಅತಿಥಿ ಉಪನ್ಯಾಸಕರು ಕೇಳಿದರೆ ತಪ್ಪೇನೂ ಇಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಬಹಳ ಮಟ್ಟಿಗೆ ನಡೆಯುತ್ತಿರುವುದೇ ಅವರಿಂದ. 2022ರಲ್ಲಿ ಗೌರವಧನ ಏರಿಸಿ, ವಾರಕ್ಕೆ 15 ಗಂಟೆ ಅಂತ ಮಾಡಿದಾಗ ಅದೇ ಗಂಟೆಗಳು ಕಡಿಮೆ ಜನಕ್ಕೆ ಹಂಚಿಹೋದವು. ಎಷ್ಟೋ ಮಂದಿ ಹೊರಗುಳಿದರು. ಹಾಗಾಗಿ ಹಂಚಿಕೊಂಡ ಪೇಪರ್ ಅಂದ ಕೂಡಲೇ ಅವರಿಗೆ ಕಾಣುವುದು ಕೆಲಸ ಹೋಗುವ ದಾರಿ. ಬೇರೆ ಕಾಲೇಜಿನ ಮಕ್ಕಳಿಗೆ ಮಾಡಿದ ಪಾಠವನ್ನೂ ವರ್ಕ್‌ಲೋಡ್‌ಗೆ ಸೇರಿಸುತ್ತೇವೆ ಅಂತ ಮೊದಲೇ ಬರೆದುಕೊಡದಿದ್ದರೆ ಈ ಯೋಜನೆ ಸ್ಟಾಫ್ ರೂಮಿನಲ್ಲೇ ಸಾಯುತ್ತದೆ. ಖಾಲಿ ಹುದ್ದೆ ತುಂಬದಿರುವುದಕ್ಕೆ ‘ಪಕ್ಕದ ವಿವಿಯವರು ಕಲಿಸುತ್ತಾರಲ್ಲ’ ಅನ್ನುವ ನೆಪವೂ ಸಿಗಬಾರದು. ಆ ಭಯ ನನಗೂ ಇದೆ.

ಮೂರನೆಯದು ಬಸ್ಸು. ನಗು ಬರಬಹುದು. ಆದರೆ ಶಿವಮೊಗ್ಗದಿಂದ ಶಂಕರಘಟ್ಟ ಸುಮಾರು 28 ಕಿಲೋಮೀಟರ್. ಇರುವಕ್ಕಿ ಇನ್ನೊಂದು ದಿಕ್ಕಿಗೆ, ಸಾಗರ ರಸ್ತೆಯಲ್ಲಿ. ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ ಕ್ಲಾಸು ಅಂದರೆ ಸಂಜೆ ಹಳ್ಳಿಗೆ ಹೋಗುವ ಕೊನೆಯ ಬಸ್ ತಪ್ಪಿತು ಅಂತಲೇ ಲೆಕ್ಕ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲದಂತಾಯಿತು. ಮಲೆನಾಡಿನ ಒಳ ರಸ್ತೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಅಲ್ಲಿ ಶಕ್ತಿ ನಡೆಯುವುದಿಲ್ಲ.

ಅಮೆರಿಕದ ಮಸಾಚುಸೆಟ್ಸ್‌ನಲ್ಲಿ ಆಮ್‌ಹರ್ಸ್ಟ್ ಸುತ್ತಮುತ್ತಲಿನ ಉನ್ನತ ಶಿಕ್ಷಣ ಸಂಸ್ಥೆಗಳು ಸೇರಿ 1965ರಲ್ಲಿ ಒಂದು ಒಕ್ಕೂಟ ಮಾಡಿಕೊಂಡವು. ಒಂದರ ವಿದ್ಯಾರ್ಥಿ ಇನ್ನೊಂದರಲ್ಲಿ ಹೆಚ್ಚುವರಿ ಫೀ ಇಲ್ಲದೆ ಪೇಪರ್ ತೆಗೆದುಕೊಳ್ಳಬಹುದು. ಖಗೋಳ ವಿಜ್ಞಾನ ವಿಭಾಗವನ್ನೇ ಜಂಟಿಯಾಗಿ ಕಟ್ಟಿದರು. ಅದರ ಬಗ್ಗೆ ಓದುವಾಗ ನನಗೆ ಹಿಡಿಸಿದ್ದು ಖಗೋಳ ಅಲ್ಲ. ಕ್ಯಾಂಪಸ್‌ಗಳ ನಡುವೆ ವಿದ್ಯಾರ್ಥಿಗಳಿಗೆ ಉಚಿತ ಬಸ್ಸು ಇಟ್ಟಿದ್ದು. ಯುರೋಪಿನ ದೇಶಗಳ ನಡುವೆ ವಿದ್ಯಾರ್ಥಿ ವಿನಿಮಯದ ಎರಾಸ್ಮಸ್ ಯೋಜನೆ ಶುರುವಾದದ್ದು 1987ರಲ್ಲಿ, ನಮ್ಮ ಕುವೆಂಪು ವಿವಿ ಹುಟ್ಟಿದ ವರ್ಷ. ಅಲ್ಲೂ ಮೊದಲು ಮಾಡಿದ್ದು ಮಕ್ಕಳ ಓಡಾಟಕ್ಕೆ ದುಡ್ಡು ಕೊಟ್ಟಿದ್ದು. ಎರಡು ಮೂರು ದೇಶದ ಜಂಟಿ ಸ್ನಾತಕೋತ್ತರ ಪದವಿಗಳು ಎರಾಸ್ಮಸ್ ಮುಂಡಸ್ ಹೆಸರಲ್ಲಿ ಬಂದದ್ದು 2004ರಲ್ಲಿ, 17 ವರ್ಷ ಆದ ಮೇಲೆ.

ಹಾಗಾದರೆ ಬಸ್ ಯಾಕೆ, ಆನ್‌ಲೈನ್ ಮಾಡಿಬಿಡಿ ಅನ್ನುವವರಿದ್ದಾರೆ. ಸ್ವಯಂನಲ್ಲಿ ವಿಡಿಯೋ ಪುಕ್ಕಟೆ, ನಿಜ. ಪಾಠವೂ ಎಷ್ಟೋ ಚೆನ್ನಾಗಿರುತ್ತದೆ. ಆದರೆ ಹೆಚ್ಚಿನವು ಇಂಗ್ಲಿಷಿನಲ್ಲಿ. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಮೊದಲ ವಾರದಲ್ಲೇ ಕೈಬಿಡುತ್ತಾರೆ. ಕೋವಿಡ್ ಕಾಲದಲ್ಲಿ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದ ಮಕ್ಕಳ ಫೋಟೋ ಬಂದದ್ದು ಇದೇ ಹೊಸನಗರ, ಸಾಗರ, ಶೃಂಗೇರಿ ಕಡೆಯಿಂದ ಅಲ್ವಾ? ಇನ್ನೊಂದು ಮಾತು: ಕೊಟ್ಟಿಗೆ, ಉಣುಗು, ಅಡಿಕೆ ಮಂಡಿ ಇವನ್ನು ವಿಡಿಯೋದಲ್ಲಿ ತೋರಿಸಬಹುದೇ ಹೊರತು ಕಲಿಸಲು ಆಗುವುದಿಲ್ಲ.

ಅಂಕ ಯಾರು ಕಳಿಸಬೇಕು?

ನಮ್ಮ ದೇಶದಲ್ಲೂ ಪ್ರಯತ್ನ ಆಗಿದೆ. ದೆಹಲಿ ವಿವಿ ಮತ್ತು ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಸೇರಿ 2012ರಲ್ಲಿ ಗಣಿತ ಶಿಕ್ಷಣದಲ್ಲಿ ಜಂಟಿ ಸ್ನಾತಕೋತ್ತರ ಕೋರ್ಸ್ ಮಾಡಿದವು. ‘ಮೆಟಾ ಯೂನಿವರ್ಸಿಟಿ’ ಅಂತ ಅದಕ್ಕೆ ದೊಡ್ಡ ಹೆಸರು. ಐಐಟಿ ಬಾಂಬೆ ಮತ್ತು ಆಸ್ಟ್ರೇಲಿಯಾದ ಮೊನಾಶ್ ವಿವಿ 2008ರಿಂದ ಜಂಟಿ ಪಿಎಚ್‌ಡಿ ನಡೆಸುತ್ತಿವೆ. ಇವೆಲ್ಲ ದುಡ್ಡು, ಹೆಸರು ಎರಡೂ ಇರುವ ಸಂಸ್ಥೆಗಳು. ಸಂಬಳ, ಪಿಂಚಣಿಗೇ ಏದುಸಿರು ಬಿಡುವ ರಾಜ್ಯದ ವಿವಿಗಳಿಗೆ ಪೂರ್ತಿ ಜಂಟಿ ಪದವಿ ಈಗಲೇ ಬೇಡ ಅಂತಲೇ ನನ್ನ ಅಭಿಪ್ರಾಯ. ಎರಡು ಸಿಂಡಿಕೇಟ್, ಎರಡು ಘಟಿಕೋತ್ಸವ, ಒಂದು ಸರ್ಟಿಫಿಕೇಟ್. ಮಧ್ಯದಲ್ಲಿ ಒಬ್ಬ ಕುಲಪತಿ ಬದಲಾದರೂ ಮಕ್ಕಳು ನಡುದಾರಿಯಲ್ಲಿ.

ಒಂದು ಪೇಪರಿನಲ್ಲಿ ಆ ಅಪಾಯ ಇಲ್ಲ. ಹೋದರೆ ಒಂದು ಪೇಪರ್ ಹೋಯಿತು, ಪದವಿ ಹೋಗುವುದಿಲ್ಲ. ಆದರೆ ಅದಕ್ಕೂ ಮುಂಚೆ ಬಗೆಹರಿಯಬೇಕಾದ ಪ್ರಶ್ನೆಗಳು ತೀರಾ ಪುಟ್ಟವು, ತೀರಾ ಒಣ. ಪರೀಕ್ಷಾ ಫೀ ಯಾರ ಖಾತೆಗೆ? ಪ್ರಶ್ನೆಪತ್ರಿಕೆ ಯಾರದ್ದು? ಒಂದು ಕಡೆ ಪಾಸಾಗಲು 35, ಇನ್ನೊಂದು ಕಡೆ 40 ಅಂದರೆ ಯಾವುದು ನಡೆಯಬೇಕು? ಹುಡುಗ ಫೇಲಾದರೆ ಮರುಪರೀಕ್ಷೆ ಎಲ್ಲಿ? ಮರುಮೌಲ್ಯಮಾಪನಕ್ಕೆ ಅರ್ಜಿ ಕೊಡಬೇಕಾದದ್ದು ಶಂಕರಘಟ್ಟದ ಕೌಂಟರಿಗಾ, ಬೀದರಿಗಾ? ಕಲಿಸಿದ ಸಂಸ್ಥೆ ಅಂಕವನ್ನು ಎಬಿಸಿಗೆ ಏರಿಸುವುದು ತಡವಾದರೆ ಕೊನೆಯ ಸೆಮಿಸ್ಟರಿನ ಫಲಿತಾಂಶವೇ ನಿಲ್ಲುತ್ತದೆ. ಹಾಗೆ ನಿಂತರೆ ಬಿಎಡ್‌ಗೋ ಎಂಎಗೋ ಅರ್ಜಿ ಹಾಕುವ ದಿನ ದಾಟಿಹೋಗುತ್ತದೆ. ರಾಜ್ಯದ ವಿವಿಗಳ ಆನ್‌ಲೈನ್ ವ್ಯವಸ್ಥೆ ಯುಯುಸಿಎಂಎಸ್‌ನಲ್ಲಿ ಅಂಕ ಕಾಣದೆ ಪರದಾಡಿದ ಬ್ಯಾಚಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆಲ್ಲ ಉತ್ತರ ಕೊಡಬೇಕಾದವರು ಕುಲಪತಿಗಳಿಗಿಂತ ಹೆಚ್ಚಾಗಿ ಪರೀಕ್ಷೆ, ಫಲಿತಾಂಶ ನೋಡಿಕೊಳ್ಳುವ ಮೌಲ್ಯಮಾಪನ ಕುಲಸಚಿವರು. ಒಡಂಬಡಿಕೆಯ ಫೋಟೋದಲ್ಲಿ ಅವರು ಸಾಮಾನ್ಯವಾಗಿ ಕೊನೆಯಲ್ಲಿ ನಿಂತಿರುತ್ತಾರೆ. ಆರೂ ವಿವಿಗಳ ಮೌಲ್ಯಮಾಪನ ಕುಲಸಚಿವರು ಅಥವಾ ಆ ಕೆಲಸ ನೋಡುವವರು ಶಿವಮೊಗ್ಗದಲ್ಲಿ ಒಂದು ದಿನ ಕೂತು, ಒಂದು ಪೇಪರಿಗೆ ಮಾತ್ರ ಈ ಪ್ರಶ್ನೆಗಳ ಉತ್ತರ ಬರೆದುಕೊಳ್ಳಲಿ. ಆರೂ ಬೇಡ ಅಂದರೆ ಕುವೆಂಪು ವಿವಿ ಮತ್ತು ಕೃಷಿ ವಿವಿ ಎರಡೇ ಶುರು ಮಾಡಲಿ. ಎರಡರ ಕೇಂದ್ರವೂ ಜಿಲ್ಲೆಯಲ್ಲೇ ಇದೆ, ಬೇರೆ ಊರಿಗೆ ಕಡತ ಹೋಗಬೇಕಾಗಿಲ್ಲ. ಅಡಿಕೆ ಮಾರುಕಟ್ಟೆಯ ಪೇಪರಿಗೆ ಬೇಕಾದ ಮೇಷ್ಟ್ರುಗಳು ಇಬ್ಬರಲ್ಲೂ ಇದ್ದಾರೆ. ಹೊಸ ಪೇಪರ್ ಬರಬೇಕಾದರೆ ಅದು ಅಧ್ಯಯನ ಮಂಡಳಿ, ಆಮೇಲೆ ವಿದ್ಯಾವಿಷಯಕ ಪರಿಷತ್ತು ದಾಟಬೇಕು. ಮುಂದಿನ ವರ್ಷದ ಸಿಲೆಬಸ್‌ಗೆ ಸೇರಬೇಕು ಅಂದರೆ ಪ್ರಸ್ತಾವ ಈ ಮಳೆಗಾಲದಲ್ಲೇ ಹೋಗಬೇಕು. ಜೊತೆಗೆ ಶಿವಮೊಗ್ಗ ಬಸ್ ನಿಲ್ದಾಣದಿಂದ ಕ್ಲಾಸಿನ ದಿನ ಹೋಗಿ ಬರುವ ಒಂದು ಬಸ್ಸಿಗೂ ಅದೇ ಕಡತದಲ್ಲಿ ದುಡ್ಡು ಕೇಳಬೇಕು.